ಕೊಳೆಯ ಮೇಲೆ ಇನ್ನೊಂದು ಕೋಟ್ ವಾರ್ನಿಷ್ ಬೇಡ

ಲೈಬ್ರರಿ ಹಿಂದಿನ ಮರದ ಡೆಕ್ ಯಾರಿಗೆ ಗೊತ್ತಿಲ್ಲ? ಇಂಟರ್ನಲ್ಸ್ ಮುಗಿಸಿ ನಾವೆಲ್ಲ ಬಿದ್ದುಕೊಳ್ಳೋದು ಅಲ್ಲೇ, ರಾಜ್ಯೋತ್ಸವದ ನಾಟಕಕ್ಕೆ ರಿಹರ್ಸಲ್ ಮಾಡೋದೂ ಅಲ್ಲೇ. ಈ ಸಲ ಕೋಲಾಟ ಪ್ರಾಕ್ಟೀಸ್ ಮಾಡ್ತಿದ್ದ ಸೆಕೆಂಡ್ ಇಯರ್ ಹುಡುಗಿಯ ಅಂಗಾಲಿಗೆ ಸಿಬಿರು ಹೊಕ್ಕಿತು. ಅದಾದ ಮೇಲೆ ಹಬ್ಬಿರುವ ಸುದ್ದಿ: ಡೆಕ್ ಕಿತ್ತು ಟೈಲ್ಸ್ ಹಾಕಿಸ್ತಾರಂತೆ. ಬೇಡ ಅನ್ನೋದು ನಮ್ಮ ವಾದ.

ಮರ ಕೆಟ್ಟಿಲ್ಲ. ಬೈಕ್ ಕೀ ಚುಚ್ಚಿ ಚುಚ್ಚಿ ನೋಡಿದ್ದೇವೆ. ಮೆಟ್ಟಿಲ ಬಳಿಯ ಎರಡು ಹಲಗೆ ಮೆತ್ತಗಾಗಿವೆ, ಉಳಿದ ಸಾಗುವಾನಿ ಗಟ್ಟಿಯಾಗೇ ಇದೆ. ಕೆಟ್ಟಿರೋದು ಮೇಲಿನ ಲೇಪ. ಇನ್ಸ್‌ಪೆಕ್ಷನ್ ಕಮಿಟಿ ಬರೋ ಹಿಂದಿನ ವಾರ ಒಬ್ಬರು ಬಂದು, ಗುಡಿಸಿದ ಹಾಗೆ ಮಾಡಿ, ಹಳೇ ಪದರದ ಮೇಲೇ ಹೊಳೆಯೋ ವಾರ್ನಿಷ್ ಬಳಿದು ಹೋಗ್ತಾರೆ. ಮುಂದಿನ ಮಳೆಗಾಲಕ್ಕೆ ಅದು ಹಾವಿನ ಪೊರೆ ಥರ ಏಳುತ್ತೆ. ಹಾಸ್ಟೆಲ್ ಬಾಗಿಲು ರಿಪೇರಿಗೆ ಬಂದಿದ್ದ ಆಚಾರ್ರು ಇದನ್ನ ನೋಡಿ, "ಮುಖ ತೊಳೀದೆ ಪೌಡರ್ ಹಚ್ಚಿದ್ರೆ ನಿಲ್ಲುತ್ತೇನಪ್ಪಾ?" ಅಂದರು.

ಕಾರಣ ನಮ್ಮ ಸಿಲಬಸ್ಸಿಗೆ ಹೊರಗಿನದೇನಲ್ಲ. ನೀರು ಕುಡಿದ ಮರ ಉದ್ದಕ್ಕೆ ಬೆಳೆಯೋದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಉಬ್ಬುತ್ತೆ. ಒಣಗಿದಾಗ ಕುಗ್ಗುತ್ತೆ. ಮೇಲಿನ ಗಟ್ಟಿ ಪೊರೆಗೆ ಆ ಆಟ ತಾಳೋಕೆ ಆಗಲ್ಲ, ಬಿರುಕು ಬಿಡುತ್ತೆ. ಬಿರುಕಿನಿಂದ ಇಳಿದ ನೀರು ಪೊರೆಯಡಿ ಸಿಕ್ಕಿಕೊಳ್ಳುತ್ತೆ. ಜೊತೆಗೆ ಬಿಸಿಲಿನ ಅತಿನೇರಳೆ ಕಿರಣ ಪಾರದರ್ಶಕ ವಾರ್ನಿಷ್ ದಾಟಿ, ಮರದ ನಾರು ಹಿಡಿದಿಟ್ಟ ಲಿಗ್ನಿನ್ ಅನ್ನೇ ಒಡೆಯುತ್ತೆ. ಹಿಡಿತ ತಪ್ಪಿದ ನಾರೇ ಬೂದು ಬಣ್ಣಕ್ಕೆ ತಿರುಗಿ, ಸಿಬಿರಾಗಿ ಏಳೋದು.

ಮಾಡಬೇಕಾದ್ದು ಇಷ್ಟು. ಎದ್ದ ಮೊಳೆ, ಸ್ಕ್ರೂ ಒಳಕ್ಕೆ ಇಳಿಸಿ, ಹಳೇ ಲೇಪ ಪೂರ್ತಿ ಕೆರೆದು, 60ರ ಸ್ಯಾಂಡ್‌ಪೇಪರಿನಲ್ಲಿ, ಆಮೇಲೆ 80ರಲ್ಲಿ ಉಜ್ಜಬೇಕು. ಗಾಜಿನಂತೆ ನುಣುಪು ಮಾಡೋ ಹುರುಪು ಬೇಡ, ಎಣ್ಣೆ ಒಳಗೆ ಇಳಿಯಲ್ಲ. ಧೂಳು ಒರೆಸಿ, ಮರ ಚೆನ್ನಾಗಿ ಒಣಗಿದ ಮೇಲೆ, ಸ್ವಲ್ಪ ಬಣ್ಣ ಮತ್ತು ಬೂಷ್ಟು ತಡೆಯೋ ಮದ್ದು ಬೆರೆತ ಡೆಕ್ ಆಯಿಲ್ ತೆಳ್ಳಗೆ ಎರಡು ಸಲ. ಬಣ್ಣ ಯಾಕಂದ್ರೆ ಬಿಸಿಲು ತಡೆಯೋದು ಅದೇ. ಹಲಗೆಗಳ ಕೊಯ್ದ ತುದಿಗೆ ಧಾರಾಳವಾಗಿ ಹಚ್ಚಿ, ನೀರು ಹೆಚ್ಚು ನುಗ್ಗೋದು ಅಲ್ಲೇ. ಮಂಗಳೂರಿನ ಗೆಳೆಯರು ಗೇರೆಣ್ಣೆ ಅಂತಾರೆ. ಗೆದ್ದಲಿಗೆ ಒಳ್ಳೇದೇ, ಆದರೆ ಅದು ಚರ್ಮ ಸುಡುತ್ತೆ, ನಾವು ಕೂರೋ ಜಾಗಕ್ಕೆ ಬೇಡ. ಇನ್ನೊಂದು ಮಾತು, ಎಣ್ಣೆ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಎಸೀಬೇಡಿ. ಅಗಸೆ ಎಣ್ಣೆಯಂಥವು ಗಾಳಿಗೆ ಒಣಗುವಾಗ ಬಿಸಿಯಾಗಿ ತಾವೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ.

"ವರ್ಷಾ ವರ್ಷ ಎಣ್ಣೆ ಯಾರು ಹಚ್ತಾರೆ?" ನ್ಯಾಯವಾದ ಪ್ರಶ್ನೆ. ಎಣ್ಣೆ ವಾರ್ನಿಷ್ಷಿನಷ್ಟು ಹೊಳೆಯಲ್ಲ, ಬೇಗ ಸವೀತದೆ ಕೂಡ. ಆದ್ರೆ ಸಿಪ್ಪೆ ಏಳಲ್ಲ, ತೊಳೆದು ಒಣಗಿಸಿ ಮತ್ತೆ ಹಚ್ಚಿದ್ರೆ ಮುಗೀತು. ಅದನ್ನ ಸಂಘದಿಂದ ನಾವೇ ಮಾಡ್ತೀವಿ. ಕಳೆದ ಫೆಸ್ಟಿನ ಫ್ಲೆಕ್ಸಿಗೆ ಸುರಿದ ದುಡ್ಡು ನೆನೆಸಿಕೊಂಡರೆ ಎಣ್ಣೆ ಖರ್ಚಿನ ಬಗ್ಗೆ ಮಾತಾಡೋಕೆ ನಮಗೇ ನಾಚಿಕೆ.

ಪ್ರಿನ್ಸಿಪಾಲರಲ್ಲಿ ಕೇಳೋದು ಮೂರೇ: ಟೈಲ್ಸ್ ಆರ್ಡರ್ ಸದ್ಯಕ್ಕೆ ನಿಲ್ಲಿಸಿ, ಕೆಟ್ಟ ಎರಡು ಹಲಗೆ ಬದಲಾಯಿಸಿಕೊಡಿ, ಜನವರಿಯ ಒಂದು ಶನಿವಾರ-ಭಾನುವಾರ ವರ್ಕ್‌ಶಾಪಿನ ಸ್ಯಾಂಡಿಂಗ್ ಮಷೀನ್ ನಮ್ಮ ಕೈಗೆ ಕೊಡಿ. ಮಾಸ್ಕ್ ನಾವೇ ತರ್ತೀವಿ.