ಒಂದೇ ಕಾರು, ಇಬ್ಬರು ಚಾಲಕರು: ಅಳೆಯುವುದು ಯಾರನ್ನು?

ಕಾರ್ ರೇಸಿಂಗ್‌ನಲ್ಲಿ ಚಾಲಕನ ಮೊದಲ ಎದುರಾಳಿ ಬೇರೆ ತಂಡದವನಲ್ಲ, ತನ್ನದೇ ತಂಡದ ಜತೆಗಾರ. ಇಬ್ಬರ ಕೈಯಲ್ಲೂ ಒಂದೇ ಬಗೆಯ ಕಾರು ಇರುವುದರಿಂದ ಹಿಂದೆ ಬಿದ್ದವನಿಗೆ ನೆಪ ಹೇಳಲು ಜಾಗವಿಲ್ಲ. ಮುಂದಿನ ವರ್ಷದ ಸೀಟನ್ನು ಬಹುಮಟ್ಟಿಗೆ ಈ ಹೋಲಿಕೆಯೇ ತೀರ್ಮಾನಿಸುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾದಲ್ಲಿ ನಡೆದ ಫಾರ್ಮುಲಾ 1 ರೇಸ್ ನೆನಪಿಸಿಕೊಳ್ಳಿ. ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ ಅವರ ಟಯರ್ ಬದಲಾವಣೆ ತಡವಾಗಿ, ಜತೆಗಾರ ಆಸ್ಕರ್ ಪಿಯಾಸ್ಟ್ರಿ ಮುಂದೆ ಹೋದರು. ಸ್ಥಾನ ಬಿಟ್ಟುಕೊಡುವಂತೆ ತಂಡ ರೇಡಿಯೊದಲ್ಲಿ ಸೂಚಿಸಿತು. ಅವರು ಬಿಟ್ಟುಕೊಟ್ಟರು. ಚಾಲಕನ ಕೈಮೀರಿದ ತಪ್ಪಿನ ನಷ್ಟವನ್ನು ಯಾರು ಹೊರಬೇಕು ಎಂಬ ಚರ್ಚೆ ಅಲ್ಲಿಂದ ಜೋರಾಯಿತು.

ಅಲ್ಲಿ ಚರ್ಚೆಯಷ್ಟೇ ನಡೆಯಿತು. ಬೆಂಗಳೂರಿನ ಅರ್ಜುನ್ ಮೈನಿ ಅವರ ಪಾಲಿಗೆ ಬಂದದ್ದು ಡಿಕ್ಕಿ. 2018ರಲ್ಲಿ ಅವರು ಇಟಲಿಯ ಟ್ರೈಡೆಂಟ್ ತಂಡದಿಂದ ಫಾರ್ಮುಲಾ 2ಕ್ಕೆ ಕಾಲಿಟ್ಟರು. ಅಮೆರಿಕದ ಸ್ಯಾಂಟಿನೊ ಫೆರುಚಿ ಜತೆಗಾರ. ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಡಲ್ಲಾರಾ ಕಾರು, ಒಂದೇ ಮೆಕಾಕ್ರೋಮ್ ಎಂಜಿನ್. ವೇಗ ಹೆಚ್ಚಿಸಿದಾಗ ಹಿಂಬದಿ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಚಾಲಕನ ಕೈಚಳಕವೇ ಕಾಣಲಿ ಎಂಬುದು ಇದರ ಉದ್ದೇಶ.

ಆದರೆ ಆ ವರ್ಷ ಕಾರು, ಎಂಜಿನ್ ಎರಡೂ ಹೊಸವು. ರೇಸ್ ಆರಂಭದಲ್ಲೇ ಕಾರುಗಳು ಸ್ಟಾಲ್ ಆಗಿ ನಿಲ್ಲತೊಡಗಿದವು. ನಿಂತ ಕಾರಿಗೆ ಹಿಂದಿನಿಂದ ಬಂದವರು ಗುದ್ದುವ ಅಪಾಯವಿದ್ದುದರಿಂದ ಆಸ್ಟ್ರಿಯಾ ಮತ್ತು ಸಿಲ್ವರ್‌ಸ್ಟೋನ್‌ನಲ್ಲಿ ಚಲಿಸುತ್ತಲೇ ರೇಸ್ ಆರಂಭಿಸಬೇಕಾಯಿತು. ಯಂತ್ರವೇ ಕೈಕೊಟ್ಟಾಗ ಅಂಕಪಟ್ಟಿ ನೋಡಿ ಚಾಲಕನನ್ನು ಅಳೆಯುವುದು ಹೇಗೆ?

ಇಂಥ ಒತ್ತಡದ ನಡುವೆ ಜುಲೈನಲ್ಲಿ ಸಿಲ್ವರ್‌ಸ್ಟೋನ್ ಬಂತು. ರೇಸ್ ಮುಗಿದ ಮೇಲೆ ಫೆರುಚಿ ತಮ್ಮದೇ ತಂಡದ ಮೈನಿ ಅವರ ಕಾರಿಗೆ ಬೇಕೆಂದೇ ಹಿಂದಿನಿಂದ ಡಿಕ್ಕಿ ಹೊಡೆದರು. ಅವರಿಗೆ ದಂಡದ ಜತೆಗೆ ನಾಲ್ಕು ರೇಸ್‌ಗಳ ನಿಷೇಧ ಬಿತ್ತು. ಮೈನಿ ಮತ್ತು ಅವರ ಕುಟುಂಬದ ಬಗ್ಗೆ ಫೆರುಚಿ ನಡೆದುಕೊಂಡ ರೀತಿಯನ್ನು ಟ್ರೈಡೆಂಟ್ ಬಹಿರಂಗವಾಗಿಯೇ ಖಂಡಿಸಿತು. ಮುಂದೆ ಒಪ್ಪಂದವನ್ನೂ ರದ್ದು ಮಾಡಿತು. ಈ ಹಂತದಲ್ಲಿ ಸೀಟು ಪಡೆಯಲು ಚಾಲಕರೇ ಪ್ರಾಯೋಜಕರ ಹಣ ತರಬೇಕಾಗುವುದು ಸಾಮಾನ್ಯ. ಹಾಗಾಗಿ ಸೀಸನ್ ನಡುವೆ ಚಾಲಕನನ್ನು ಕಳುಹಿಸುವುದು ಯಾವ ತಂಡಕ್ಕೂ ಸುಲಭದ ಮಾತಲ್ಲ.

ಮೈನಿ 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸುತ್ತಿದ್ದಾರೆ. ಅಲ್ಲಿನ ಜಿಟಿ3 ಕಾರುಗಳಲ್ಲಿ ಎಬಿಎಸ್ ಉಂಟು, ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಉಂಟು. ಮಳೆಯಲ್ಲಿ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ಕಾಯುವುದು ಇದೇ ಎಬಿಎಸ್. ಎಲೆಕ್ಟ್ರಾನಿಕ್ಸ್ ಬಂದರೆ ಚಾಲಕನ ಪ್ರತಿಭೆಗೆ ಬೆಲೆ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟಯರ್ ಸವೆದಂತೆ, ಟ್ರ್ಯಾಕ್ ಒದ್ದೆಯಾದಂತೆ ಅದನ್ನು ಎಷ್ಟು ಬಳಸಬೇಕೆಂದು ಸ್ಟಿಯರಿಂಗ್ ಹಿಡಿದವನೇ ನಿರ್ಧರಿಸಬೇಕು. ಸೌಲಭ್ಯ ಎಲ್ಲರಿಗೂ ಇದ್ದರೆ ಸ್ಪರ್ಧೆ ಸಾಯುವುದಿಲ್ಲ. ಪರೀಕ್ಷೆಯಾಗುವ ಕೌಶಲ ಬದಲಾಗುತ್ತದೆ.

ಯಲಹಂಕ ಕಡೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನನಗೆ ಇದು ದೂರದ ಕಥೆ ಎನಿಸುವುದಿಲ್ಲ. ವಿದ್ಯಾರ್ಥಿಗಳೇ ಸೇರಿ ಕಾರು ಕಟ್ಟುವ ನಮ್ಮ ತಂಡದಲ್ಲೂ ವೆಲ್ಡಿಂಗ್ ಬಿಟ್ಟುಕೊಂಡ ದಿನ ಮೊದಲು ಕೇಳಿಬರುವ ಮಾತು ‘ಯಾರು ಮಾಡಿದ್ದು?’ ಎಂಬುದೇ. ‘ಯಾಕೆ ಬಿಟ್ಟಿತು?’ ಎಂಬ ಪ್ರಶ್ನೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಇಬ್ಬರು ಮಾತು ಬಿಟ್ಟಿರುತ್ತಾರೆ. ಪ್ಲೇಸ್‌ಮೆಂಟ್ ಸಮಯದಲ್ಲೂ ಅಷ್ಟೇ: ಒಂದೇ ಬೆಂಚಿನ ಇಬ್ಬರು ಒಂದೇ ಕೆಲಸಕ್ಕೆ ಸಾಲಿನಲ್ಲಿ ನಿಲ್ಲುತ್ತೇವೆ.

ಪೈಪೋಟಿ ತಪ್ಪಲ್ಲ. ಆದರೆ ಯಂತ್ರದ ದೋಷವನ್ನು ಮನುಷ್ಯನ ಲೆಕ್ಕಕ್ಕೆ ಬರೆಯಬಾರದು. ಯಾವ ನೆರವು ಬಳಸಬಹುದು ಎಂಬುದು ಮೊದಲೇ ತಿಳಿದಿರಬೇಕು. ಜತೆಗಾರನಿಗೆ ಗುದ್ದಿದವನು ಎಷ್ಟೇ ಬೇಕಾದವನಾದರೂ ಕ್ರಮ ಆಗಬೇಕು. ಕೆಲಸದ ಸಂದರ್ಶನದ ಕೊನೆಯಲ್ಲಿ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ?’ ಎಂದು ಕೇಳುತ್ತಾರಲ್ಲ, ಸಂಬಳದ ಜತೆಗೆ ಈ ಮೂರನ್ನೂ ಕೇಳಿ ನೋಡೋಣ.