ರಿಯಾಯಿತಿ ಬೇಡ ಸ್ವಾಮಿ

ನಿವೃತ್ತನಾದ ಮೇಲೆ ನಾನು ಜಲವರ್ಣಕ್ಕೆ ಕೈಹಾಕಿದೆ. ಮನೆಗೆ ಬಂದವರೆಲ್ಲ, 'ಈ ವಯಸ್ಸಿನಲ್ಲಿ ಇಷ್ಟು ಮಾಡ್ತೀರಲ್ಲ, ಟೈಂಪಾಸಿಗೆ ಚೆನ್ನಾಗಿದೆ' ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇಂಥ ಹೊಗಳಿಕೆಗಿಂತ ಬೈಗುಳ ಮೇಲು.

ರುಮಾಲೆ ಚೆನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಂದು ಅಲೆದು, ಐವತ್ತು ದಾಟಿದ ಮೇಲೆ ಕುಂಚಕ್ಕೆ ಮರಳಿದರು. ಅವರು ಬರೆದ ಬೆಂಗಳೂರಿನ ಹೂಮರಗಳನ್ನು ಯಾರಾದರೂ ಟೈಂಪಾಸ್ ಎಂದಾರೆಯೆ? 1930ರಲ್ಲಿ ಪ್ಯಾರಿಸ್ಸಿನಲ್ಲಿ ರವೀಂದ್ರನಾಥ ಠಾಕೂರರ ಚಿತ್ರಪ್ರದರ್ಶನ ನಡೆದಾಗ ಅವರಿಗೆ ಎಪ್ಪತ್ತರ ಹತ್ತಿರ. ನಾನು ಇವರ ಕಾಲ ಧೂಳಿಗೂ ಸಮನಲ್ಲ, ನಿಜ. ಆದರೆ ಕಾಗದಕ್ಕೆ ನನ್ನ ವಯಸ್ಸು ಗೊತ್ತಿಲ್ಲ. ಜಲವರ್ಣದಲ್ಲಿ ಬಿಳಿಯೆಂದರೆ ಬಣ್ಣ ತಾಗಿಸದೆ ಬಿಟ್ಟ ಕಾಗದ; ಅದರ ಮೇಲೆ ಬಣ್ಣ ಹರಿದರೆ ಆ ಬೆಳಕು ಹೋದಂತೆಯೇ. ಅದು ಯಾರ ನರೆಗೂದಲಿಗೂ ಮರ್ಯಾದೆ ಕೊಡುವುದಿಲ್ಲ.

ಮೊನ್ನೆ ಮೊಮ್ಮಗಳು, 'ತಾತ, ಇದು ಮರವಾ, ಹೂಕೋಸಾ?' ಎಂದಳು. ಅಷ್ಟು ಜನರಲ್ಲಿ ಚಿತ್ರವನ್ನು ನೋಡಿದವಳು ಅವಳೊಬ್ಬಳೇ. ಉಳಿದವರು ನನ್ನನ್ನು ನೋಡಿದ್ದರು. ಆ ಸಂಜೆಯೇ ಮರವನ್ನು ಮತ್ತೆ ಬರೆಯಲು ಕೂತೆ.

ಬಸ್ ಟಿಕೆಟಿನಲ್ಲಿ ಹಿರಿಯರ ರಿಯಾಯಿತಿ ಕೊಡಿ, ಸಂತೋಷದಿಂದ ಪಡೆಯುತ್ತೇನೆ. ಚಿತ್ರ ಕೆಟ್ಟಿದ್ದರೆ ಕೆಟ್ಟಿದೆ ಎನ್ನಿ. ತಿದ್ದಿಕೊಳ್ಳುವಷ್ಟು ಆಯಸ್ಸು ಇನ್ನೂ ಇದೆ.