ಹರಕೆ ತೀರಿದ ಮೇಲೆ

ಕನಕಪುರ ಸೀಮೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ನೆಮ್ಮದಿ ಬೆಳೆಯಿಂದ ಬೆಳೆಗೆ ಬಂದು ಹೋಗುತ್ತದೆ. ಚಾಕಿ ಹುಳು ಮನೆಗೆ ಬಂದಂದಿನಿಂದ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ ಕಾಯಬೇಕು. ಕೊನೆಯ ಜ್ವರ ದಾಟಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಮನೆಮಂದಿಗೆಲ್ಲ ಅರ್ಧ ಜೀವ ಬರುತ್ತದೆ. ಗೂಡಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟು ಸಿಕ್ಕರೆ ಕಬ್ಬಾಳಮ್ಮನಿಗೆ ಹೊತ್ತ ಹರಕೆಯೂ ತೀರುತ್ತದೆ. ಆಮೇಲೆ ಮತ್ತೆ ಅದೇ ಚಿಂತೆ: ಸೊಪ್ಪು ಸಾಲುತ್ತದೋ ಇಲ್ಲವೋ, ಹುಳುವಿಗೆ ಸುಣ್ಣಕಟ್ಟು ರೋಗ ಬಂದರೆ ಏನು ಗತಿ, ಈ ಸಲ ರೇಟು ಬಿದ್ದರೆ? ದುಡಿದು ತಿನ್ನುವವರಿಗೆ ಇದು ಇದ್ದದ್ದೇ, ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಬೆಳೆ ಕೊಟ್ಟ ತಾಯಿ ಮುಂದಿನ ಬೆಳೆ ಕೈಕೊಡುವವರೆಗೆ ನಮ್ಮ ನೆನಪಿಗೇ ಬರದಿದ್ದರೆ, ನಾವು ಬೇಡಿದ್ದು ಅವಳನ್ನೋ, ಅವಳ ಕೈಯಲ್ಲಿದ್ದುದನ್ನೋ? ಹಾರೋಬೆಲೆಯ ಕಪಾಲಬೆಟ್ಟ ಹತ್ತುವ ಕ್ರೈಸ್ತರಿಗೂ ಮಾಗಡಿ ರಂಗನಾಥನ ತೇರು ಎಳೆಯುವವರಿಗೂ ಈ ಪ್ರಶ್ನೆ ಒಂದೇ.

ಲೋಕದ ಸುಖವೆಲ್ಲ ಸುಳ್ಳು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ, ಮಗು, ಸ್ವಂತ ಮನೆ, ಗಟ್ಟಿ ಆರೋಗ್ಯ ಎಲ್ಲವೂ ನಿಜವಾದ ಸುಖಗಳೇ. ಆದರೆ ಅವುಗಳ ಮೇಲೆ ತೃಪ್ತಿ ಬಹಳ ದಿನ ನಿಲ್ಲುವುದಿಲ್ಲ. ಕೈಗೆ ಬಂದದ್ದು ಕೈತಪ್ಪೀತೆಂಬ ಭಯ ಅದರ ಬೆನ್ನಿಗೇ ಬರುತ್ತದೆ. ಜೊತೆಗೆ, ನಮಗೆ ಸಿಕ್ಕಿದ್ದನ್ನು ನಾವು ಪಕ್ಕದವರಿಗೆ ಸಿಕ್ಕಿದ್ದರಿಂದ ಅಳೆಯುತ್ತೇವೆ. 2021ರಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಬಂತು. ಬೆಂಗಳೂರು ಹತ್ತಿರವಾದಷ್ಟೂ ಈ ಕಡೆಯ ಜಮೀನಿನ ಬೆಲೆ ಏರಿದೆ. ಅಪ್ಪನ ಕಾಲದಲ್ಲಿ ಕನಸಲ್ಲೂ ಕಾಣದ ದುಡ್ಡಿಗೆ ಎಕರೆ ಮಾರಿದವನು, ಪಕ್ಕದ ಸರ್ವೆ ನಂಬರಿಗೆ ಇನ್ನೂ ಜಾಸ್ತಿ ಸಿಕ್ಕಿತೆಂದು ಕೇಳಿದ ದಿನ ‘ಆರು ತಿಂಗಳು ತಡೆದಿದ್ರೆ ಆಗ್ತಿತ್ತು’ ಎಂದು ಕೈ ಹಿಸುಕಿಕೊಳ್ಳುತ್ತಾನೆ. ಅವನ ದುಡ್ಡಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ತೃಪ್ತಿ ಮಾತ್ರ ಪೂರ್ತಿ ಹೋಯಿತು. ದೇವರಲ್ಲಿ ನೆಲೆನಿಂತ ತೃಪ್ತಿಗೆ ಈ ಬಾಧೆ ಇಲ್ಲ. ಪಕ್ಕದ ಮನೆಯವನಿಗೆ ದೇವರು ಒಲಿದರೆ ನನ್ನ ಪಾಲೇನೂ ಕಡಿಮೆಯಾಗುವುದಿಲ್ಲ.

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಬೇಡುವ ಭಕ್ತಿಯನ್ನೂ ಬೇಡದ ಭಕ್ತಿಯನ್ನೂ ಒಟ್ಟಿಗೇ ನೋಡಬಹುದು. ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದ ದಂಪತಿಗಳು ಬಂದು ಅವನಿಗೆ ತೊಟ್ಟಿಲ ಹರಕೆ ಹೊರುತ್ತಾರೆ. ಆ ತೊಟ್ಟಿಲುಗಳ ಹಿಂದಿನ ಸಂಕಟವನ್ನು ಹಗುರವಾಗಿ ಆಡುವ ಹಕ್ಕು ಯಾರಿಗೂ ಇಲ್ಲ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆ ಹಾಡಿದ್ದು ಇದೇ ಕೃಷ್ಣನ ಮುಂದೆ ಎಂಬ ಪ್ರತೀತಿಯಿದೆ. ಆ ಕೀರ್ತನೆಯಲ್ಲಿ ಒಂದು ಬೇಡಿಕೆಯೂ ಇಲ್ಲ. ಮಗುವಾಗಿ ಬಂದ ದೇವರನ್ನು ಯಶೋದೆ ಆಡಿಸುತ್ತಿರುವುದೇ ಅದರ ವಸ್ತು. ಕೊಡುವವನೇ ಮಡಿಲಿಗೆ ಬಂದ ಮೇಲೆ ಅವಳು ಇನ್ನೇನು ಕೇಳಬೇಕು?

ದೇವರೇ ಸಾಕು ಎನ್ನುವುದು ಕೈಯಲ್ಲಿ ಕಾಸಿಲ್ಲದವನು ಹೇಳಿಕೊಂಡ ಸಮಾಧಾನವಲ್ಲ. ಲೇವಾದೇವಿ ವ್ಯಾಪಾರದಲ್ಲಿ ಕೋಟಿ ಕೂಡಿಸಿದ್ದ ಶ್ರೀನಿವಾಸ ನಾಯಕ ಎಲ್ಲವನ್ನೂ ದಾನಮಾಡಿ ಪುರಂದರದಾಸನಾದನೆಂದು ಪರಂಪರೆ ಹೇಳುತ್ತದೆ. ಸಿರಿತನವನ್ನು ಅನುಭವಿಸಿ ನೋಡಿದವರೇ ಅದು ಸಾಲದು ಎಂದು ಹೇಳಿದಾಗ ಆ ಮಾತಿಗೆ ತೂಕ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಸಿದವನ ಮುಂದೆ ನಿಂತು ‘ದೇವರಲ್ಲೇ ತೃಪ್ತಿ ಪಡು’ ಎನ್ನುವುದು ಕ್ರೌರ್ಯವಲ್ಲವೇ? ಉಳ್ಳವರು ಇಲ್ಲದವರ ಬಾಯಿ ಮುಚ್ಚಿಸಲು ಈ ಉಪದೇಶವನ್ನು ಬಳಸಿಲ್ಲವೇ? ಬಳಸಿದ್ದಾರೆ. ಹೀಗಾಗಿ ಈ ಮಾತನ್ನು ಯಾರು ಹೇಳುತ್ತಾರೆ, ಹೇಳಿ ಏನು ಮಾಡುತ್ತಾರೆ ಎಂಬುದನ್ನು ನೋಡಲೇಬೇಕು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ 1930ರಲ್ಲಿ ಸನ್ಯಾಸ ಪಡೆದು ತುಮಕೂರಿನ ಸಿದ್ಧಗಂಗಾ ಮಠ ಸೇರಿದರು. ನಸುಕಿನಲ್ಲೇ ಇಷ್ಟಲಿಂಗ ಪೂಜೆ ಮುಗಿಸಿದರೆ ಉಳಿದ ದಿನವೆಲ್ಲ ಮಠದ ಮಕ್ಕಳಿಗೆ, ಭಕ್ತರಿಗೆ ಮೀಸಲು. ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಸಿಕ್ಕಿತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಅವರ ಇಚ್ಛೆಯಂತೆ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಿದರೆಂದು ಪತ್ರಿಕೆಗಳು ಬರೆದವು. ತಮಗಾಗಿ ಏನೂ ಬೇಡದ ಆ ಮನುಷ್ಯ ಮಕ್ಕಳ ಒಂದು ಹೊತ್ತಿನ ಊಟವನ್ನು ಕ್ಷುಲ್ಲಕವೆಂದು ಎಣಿಸಲಿಲ್ಲ.

ದೇವರಲ್ಲಿ ತೃಪ್ತಿ ಕಂಡವರ ಗುರುತು ಇದೇ ಎಂದು ನನ್ನ ಎಣಿಕೆ. ಅಂಥವರು ಅನ್ನವನ್ನು, ಹಣವನ್ನು ಹಳಿಯುವುದಿಲ್ಲ. ಬಂದದ್ದನ್ನು ಸಂತೋಷದಿಂದ ಪಡೆಯುತ್ತಾರೆ, ಹೋದರೆ ಕುಸಿಯುವುದಿಲ್ಲ, ಕೊಡುವಾಗ ಕೈ ಹಿಡಿಯುವುದಿಲ್ಲ. ತನಗೆ ಸಾಕು ಎನ್ನಿಸದವನು ಇನ್ನೊಬ್ಬರಿಗೆ ಧಾರಾಳವಾಗಿ ಕೊಡಲಾರ. ಭಕ್ತಿಯ ಹೆಸರಿನಲ್ಲಿ ಬಡವರಿಗೆ ಸಂತೃಪ್ತಿ ಬೋಧಿಸಿ ತಾನು ಮಾತ್ರ ಕೂಡಿಡುವವನಿಗೆ ದೇವರೂ ಒಂದು ಸರಕು, ಅಷ್ಟೇ.

ಬೇಡುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಷ್ಟ ಬಂದಾಗ ತಾಯಿಯ ಹತ್ತಿರ ಹೇಳಿಕೊಳ್ಳದೆ ಇನ್ನಾರ ಹತ್ತಿರ ಹೇಳಿಕೊಳ್ಳಬೇಕು? ಆದರೆ ಕೇಳುವುದಕ್ಕೆ ಏನೂ ಇಲ್ಲದ ದಿನವೂ ಒಮ್ಮೆ ಗುಡಿಗೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ. ಅಲ್ಲಿ ಕೂರುವುದು ಬೇಸರವೆನಿಸಿದರೆ ಇಷ್ಟು ದಿನ ನಮಗೆ ಬೇಕಾಗಿದ್ದದ್ದು ವರ ಮಾತ್ರ. ಎದ್ದು ಬರಲು ಮನಸ್ಸಾಗದಿದ್ದರೆ, ಯಾವ ಮಾರುಕಟ್ಟೆಯ ಏರಿಳಿತಕ್ಕೂ ಸಿಕ್ಕದ್ದು ನಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಬಹುದು.